ರಜಾಪತ್ರದಲ್ಲಿ ಜ್ವರವೇ ಏಕಿರಬೇಕು?

ಮಾನ್ಯ ಸಂಪಾದಕರಿಗೆ,

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಹುಬ್ಬಳ್ಳಿ–ಧಾರವಾಡದ ಗೋಡೆಗಳ ಮೇಲೆ, ವಿದ್ಯುತ್ ಕಂಬಗಳ ಮೇಲೆ, ಆಟೋಗಳ ಬೆನ್ನ ಮೇಲೆ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳ ಜಾಹೀರಾತುಗಳು ತುಂಬಿಕೊಳ್ಳುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗನೋ ಮಗಳೋ ಮುಂದೆ ಪಿಯುಸಿಯಲ್ಲಿ, ಡಿಪ್ಲೊಮಾದಲ್ಲಿ ಇಂಗ್ಲಿಷಿನ ಕಾರಣಕ್ಕೆ ಸೋಲಬಾರದೆಂದು ತಂದೆತಾಯಿಗಳು ಸಾಲ ಮಾಡಿಯಾದರೂ ಅಲ್ಲಿಗೆ ಹಣ ಕಟ್ಟುತ್ತಾರೆ. ಅವರ ಆತಂಕ ನ್ಯಾಯವಾದದ್ದೇ. ಆದರೆ ನಾನು ಕಂಡ ಮಟ್ಟಿಗೆ ಈ ಮಕ್ಕಳು ಮುಗ್ಗರಿಸುವುದು ಮಾತಿಗಿಂತ ಹೆಚ್ಚಾಗಿ ಬರವಣಿಗೆಯಲ್ಲಿ. ಕಾಲೇಜಿನ ಪ್ರಯೋಗಾಲಯದ ರೆಕಾರ್ಡ್ ಬರೆಯುವಾಗ, ಪರೀಕ್ಷೆಯಲ್ಲಿ ಐದು ಅಂಕದ ಉತ್ತರವನ್ನು ಸ್ವಂತ ಮಾತಿನಲ್ಲಿ ಬರೆಯಬೇಕಾದಾಗ, ನೌಕರಿಗೆ ಅರ್ಜಿ ಹಾಕುವಾಗ ಅವರ ಪೆನ್ನು ನಿಂತುಬಿಡುತ್ತದೆ. ಶಾಲೆಯಲ್ಲಿ ನಾವು ಅವರಿಗೆ ಇಂಗ್ಲಿಷ್ ಬರವಣಿಗೆಯನ್ನು ಕಲಿಸದೆ, ಬರೆದಿಟ್ಟದ್ದನ್ನು ಒಪ್ಪಿಸುವುದನ್ನಷ್ಟೇ ಕಲಿಸಿ ಕಳಿಸುತ್ತಿದ್ದೇವೆ ಎಂಬ ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಶಿಕ್ಷಕ ಬಂಧುಗಳ, ಪಾಲಕರ ಮತ್ತು ಇಲಾಖೆಯ ಅಧಿಕಾರಿಗಳ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಕೊಂಚ ದೀರ್ಘವಾಗಿದೆ, ಮನ್ನಿಸಬೇಕು.

ಹಾವೇರಿ ಮತ್ತು ಗದಗ ಜಿಲ್ಲೆಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ 29 ವರ್ಷ ಇಂಗ್ಲಿಷ್ ಕಲಿಸಿ, ಈಗ ಧಾರವಾಡದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕ ನಾನು. ಬ್ಯಾಡಗಿ ತಾಲ್ಲೂಕಿನ ಒಂದು ಊರಿನಲ್ಲಿ ಕೆಲಸ ಮಾಡುತ್ತಿದ್ದಾಗ ನಡೆದ ಒಂದು ಘಟನೆಯನ್ನು ಮೊದಲು ಹೇಳುತ್ತೇನೆ. ಜನವರಿ ತಿಂಗಳು, ಮೆಣಸಿನಕಾಯಿ ಸುಗ್ಗಿಯ ಕಾಲ. ಹತ್ತನೆಯ ತರಗತಿಯ ಒಬ್ಬ ಹುಡುಗಿ ನಾಲ್ಕು ದಿನ ಶಾಲೆಗೆ ಬಂದಿರಲಿಲ್ಲ. ಐದನೆಯ ದಿನ ಬಂದವಳು ಇಂಗ್ಲಿಷಿನಲ್ಲಿ ಬರೆದ ರಜಾ ಅರ್ಜಿಯೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಮುತ್ತಿನಂಥ ಅಕ್ಷರ, ಇರಬೇಕಾದ ಕಡೆ ವಿಳಾಸ, ಇರಬೇಕಾದ ಕಡೆ ದಿನಾಂಕ, ಹುಡುಕಿದರೂ ಒಂದು ತಪ್ಪಿಲ್ಲ. ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಆರಂಭವಾಗಿ ‘ಯುವರ್ಸ್ ಒಬೀಡಿಯಂಟ್ಲಿ’ ಎಂದು ಮುಗಿದಿತ್ತು. ‘ಈಗ ಜ್ವರ ಹೆಂಗೈತವಾ?’ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, ‘ಜ್ವರ ಬಂದಿದ್ದಿಲ್ರಿ ಸರ್, ಅವ್ವನ ಕೂಡ ಮೆಣಸಿನಕಾಯಿ ಬಿಡಸಾಕ ಹೋಗಿದ್ದೆ’ ಎಂದಳು. ‘ಮತ್ತ ಜ್ವರ ಅಂತ ಯಾಕ ಬರದಿ?’ ಎಂದೆ. ‘ಲೆಟರ್‌ನ್ಯಾಗ ಜ್ವರಾ ಅಂತನ ಐತಲ್ರಿ ಸರ್, ನೀವ ಬರಸೀರಿ’ ಎಂದಳು.

ಆ ಮಗು ಸುಳ್ಳು ಹೇಳುವ ಉದ್ದೇಶದಿಂದ ಹಾಗೆ ಬರೆದಿರಲಿಲ್ಲ. ಅವಳ ಪಾಲಿಗೆ ಇಂಗ್ಲಿಷ್ ಪತ್ರವೆಂದರೆ ಬೆಳಗಿನ ಪ್ರಾರ್ಥನೆಯ ಹಾಗೆ, ಅಕ್ಷರ ತಪ್ಪದಂತೆ ಒಪ್ಪಿಸಬೇಕಾದ ಒಂದು ಪಾಠ. ಅದರೊಳಗೆ ತನ್ನ ಸಂಗತಿಯನ್ನು ಹೇಳಿಕೊಳ್ಳಬಹುದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಬೇಕಾದವನು ನಾನೇ ಆಗಿದ್ದೆ. ಅಂದು ಸಂಜೆ ತರಗತಿಯ 46 ಮಕ್ಕಳ ನೋಟ್‌ಬುಕ್ಕುಗಳನ್ನು ಮನೆಗೆ ತಂದು ಒಂದೊಂದಾಗಿ ತೆರೆದು ನೋಡಿದೆ. ಎಲ್ಲರಿಗೂ ಅದೇ ಜ್ವರ, ಎಲ್ಲರಿಗೂ ಅದೇ ಮೂರು ದಿನದ ರಜೆ. ಪ್ರತಿ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ನನ್ನದೇ ಕೈಯ ‘ಗುಡ್’ ಇತ್ತು. ಇದು ನಾಚಿಕೆಯ ವಿಷಯವೆಂದು ನನಗೆ ಅನ್ನಿಸಿದ್ದು ಆ ರಾತ್ರಿ, ಅದೂ ಹದಿನೈದು ವರ್ಷ ಪಾಠ ಮಾಡಿದ ಮೇಲೆ.

ಇದು ಒಂದು ಊರಿನ, ಒಬ್ಬ ಶಿಕ್ಷಕನ ಕಥೆಯಾಗಿದ್ದರೆ ಪತ್ರಿಕೆಗೆ ಬರೆಯಬೇಕಾಗಿರಲಿಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಹತ್ತು ವರ್ಷ ಇಂಗ್ಲಿಷ್ ಓದಿದ ಮಗುವನ್ನು ‘ನಿನ್ನೆ ಸಂಜೆ ಏನು ಮಾಡಿದೆ, ಐದು ಸಾಲು ಬರೆ’ ಎಂದು ಕೇಳಿದರೆ ಅದು ಗೈಡಿನ ಕಡೆ ನೋಡುತ್ತದೆ. ಗೈಡಿನಲ್ಲಿ ನಿನ್ನೆಯ ಸಂಜೆ ಇರುವುದಿಲ್ಲ.

ಇದಕ್ಕೆ ಮುಖ್ಯ ಕಾರಣ ಪರೀಕ್ಷೆಗೆ ನಾವು ಮಾಡಿಸುವ ತಯಾರಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. ಅದರ 100 ಅಂಕಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಲಿಖಿತ ಪರೀಕ್ಷೆಯಲ್ಲಿ ಪತ್ರಲೇಖನ, ಪ್ರಬಂಧ, ಚಿತ್ರ ನೋಡಿ ವಿವರಿಸುವುದು, ಕೊಟ್ಟ ಸುಳಿವುಗಳಿಂದ ಒಬ್ಬ ವ್ಯಕ್ತಿಯ ಪರಿಚಯ ಬರೆಯುವುದು, ಕಥೆ ಬೆಳೆಸುವುದು ಮುಂತಾದ ಪ್ರಶ್ನೆಗಳಿರುತ್ತವೆ. ಇವೆಲ್ಲ ಒಳ್ಳೆಯ ಪ್ರಶ್ನೆಗಳೇ, ಮಗು ಸ್ವಂತವಾಗಿ ಬರೆಯಲಿ ಎಂಬ ಆಸೆಯಿಂದಲೇ ಇಟ್ಟ ಪ್ರಶ್ನೆಗಳು. ಆದರೆ ಡಿಸೆಂಬರ್ ದಾಟಿದೊಡನೆ ಫಲಿತಾಂಶದ ಒತ್ತಡ ಶುರುವಾಗುತ್ತದೆ, ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನ ಹಾಳೆಗಳು ಮಕ್ಕಳ ಕೈಗೆ ಬರುತ್ತವೆ. ಯಾವ ಚಿತ್ರ ಕೊಟ್ಟರೂ ಹೊಂದುವ ನಾಲ್ಕು ವಾಕ್ಯಗಳು, ಯಾವ ವಿಷಯ ಕೊಟ್ಟರೂ ಹೊಂದುವ ಪ್ರಬಂಧದ ಪೀಠಿಕೆ, ಯಾವ ಪತ್ರಕ್ಕೂ ಹೊಂದುವ ಚೌಕಟ್ಟು ಅವುಗಳಲ್ಲಿರುತ್ತವೆ. ಚಿತ್ರದಲ್ಲಿ ಸಂತೆ ಇರಲಿ, ರೈಲು ನಿಲ್ದಾಣ ಇರಲಿ, ‘ದಿಸ್ ಈಸ್ ಎ ಬ್ಯೂಟಿಫುಲ್ ಪಿಕ್ಚರ್’ ಎಂದು ಮಗು ಬರೆಯುತ್ತದೆ. ಒಮ್ಮೆ ಪ್ರಿಪರೇಟರಿ ಪರೀಕ್ಷೆಯಲ್ಲಿ ರಸ್ತೆ ಅಪಘಾತದ ಚಿತ್ರಕ್ಕೂ ಹಲವರು ಹಾಗೆಯೇ ಬರೆದದ್ದನ್ನು ನಾನೇ ಮೌಲ್ಯಮಾಪನ ಮಾಡಿದ್ದೇನೆ. ವಾಕ್ಯ ವ್ಯಾಕರಣಬದ್ಧವಾಗಿದ್ದರಿಂದ ಅದಕ್ಕೆ ಅಂಕವೂ ಬಿತ್ತು. ಕಲಿಕೆಯಲ್ಲಿ ತೀರ ಹಿಂದುಳಿದ ಮಗುವನ್ನು ದಡ ಮುಟ್ಟಿಸಲು ಇಂಥ ಹಾಳೆ ಕೆಲಸಕ್ಕೆ ಬರುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಇರುವುದು ಅದೇ ಹಾಳೆ ಎಂಟನೆಯ ತರಗತಿಗೂ ಇಳಿದು ಬಂದು, ಚುರುಕಾದ ಮಕ್ಕಳನ್ನೂ ಬಾಯಿಪಾಠಕ್ಕೆ ಕಟ್ಟಿಹಾಕಿರುವುದರ ಬಗ್ಗೆ.

ಇದರ ಫಲವನ್ನು ನೋಡಬೇಕೆಂದರೆ ಧಾರವಾಡದ ಸಪ್ತಾಪುರದಲ್ಲಿ ಒಂದು ಸಂಜೆ ನಿಲ್ಲಬೇಕು. ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಬಂದು, ಪಿಜಿಗಳಲ್ಲಿ ಉಳಿದು, ಗ್ರಂಥಾಲಯಗಳಲ್ಲಿ ಹಗಲಿರುಳು ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಯುವಕ ಯುವತಿಯರು ಅಲ್ಲಿದ್ದಾರೆ. ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ ಯಾವುದನ್ನು ಕೇಳಿದರೂ ಕನ್ನಡದಲ್ಲಿ ನಿರರ್ಗಳವಾಗಿ ಹೇಳುತ್ತಾರೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷಿನದೂ ಒಂದು ಅರ್ಹತಾ ಪತ್ರಿಕೆ ಇರುವುದರಿಂದ ಕೆಲವರು ನನ್ನ ಬಳಿ ಪ್ರಬಂಧ ತೋರಿಸಲು ಬರುತ್ತಾರೆ. ಬಹುಪಾಲು ಪ್ರಬಂಧಗಳ ಮೊದಲ ಪ್ಯಾರಾ ನಿರ್ದೋಷವಾಗಿರುತ್ತದೆ, ಎರಡನೆಯ ಪ್ಯಾರಾದಿಂದ ವಾಕ್ಯಗಳು ಕುಸಿಯುತ್ತವೆ. ಬಾಯಿಪಾಠ ಎಲ್ಲಿ ಮುಗಿಯಿತು, ಸ್ವಂತದ ಮಾತು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಬಹುದು. ಇಪ್ಪತ್ತೈದು ವರ್ಷದ, ಅಷ್ಟು ತಿಳಿವಳಿಕೆಯುಳ್ಳ ಯುವಕ ‘ಸರ್, ವಿಷಯ ಗೊತ್ತೈತ್ರಿ, ಬರೀಲಿಕ್ಕೆ ಬರವಲ್ದು’ ಎಂದು ಹೇಳುವಾಗ ಕೇಳುವುದು ಕಷ್ಟವಾಗುತ್ತದೆ.

ಈಗ ಆ ಹುಡುಗಿಯ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಬರವಣಿಗೆಯನ್ನು ಹೇಗೆ ಕಲಿಸಬಹುದೆಂಬುದನ್ನು ನನಗೆ ತೋರಿಸಿಕೊಟ್ಟವಳು ಅವಳೇ. ಮರುದಿನ ಅವಳನ್ನು ಕರೆದು, ‘ಆ ಪತ್ರ ಬ್ಯಾಡ. ನಾಕ ದಿನ ಏನ್ ಮಾಡಿದಿ ಮೊದಲ ನನಗ ಹೇಳು’ ಎಂದೆ. ಅವಳು ಕನ್ನಡದಲ್ಲಿ ಹೇಳುತ್ತಾ ಹೋದಳು. ನಸುಕಿನಲ್ಲಿ ಟ್ರ್ಯಾಕ್ಟರಿನಲ್ಲಿ ಹೋದದ್ದು, ಹಣ್ಣಾದ ಕಾಯಿ ಬಿಡಿಸಿ ಬಿಡಿಸಿ ಬೆರಳುಗಳಿಗೆ ಖಾರ ಏರಿದ್ದು, ರಾತ್ರಿ ಮಲಗುವಾಗಲೂ ಕೈ ಉರಿಯುತ್ತಿದ್ದದ್ದು, ಮರೆತು ಕಣ್ಣು ಮುಟ್ಟಿಕೊಂಡೇನೆಂಬ ಭಯದಿಂದ ಅಂಗೈಗಳನ್ನು ದಿಂಬಿನ ಕೆಳಗಿಟ್ಟು ಮಲಗಿದ್ದು. ‘ಇದನ್ನ ಇಂಗ್ಲಿಷಿನ್ಯಾಗ ಬರಿ, ತಪ್ಪಾದರೂ ಚಿಂತಿಲ್ಲ’ ಎಂದೆ. ಅರ್ಧ ಗಂಟೆ ಕುಳಿತು ಅವಳು ನಾಲ್ಕು ವಾಕ್ಯ ಬರೆದಳು: ‘ಮೈ ಮದರ್ ವಿತ್ ಐ ಚಿಲ್ಲಿ ಫೀಲ್ಡ್ ವೆಂಟ್. ಫೋರ್ ಡೇಸ್ ಐ ವರ್ಕ್. ಮೈ ಹ್ಯಾಂಡ್ ಬರ್ನಿಂಗ್. ಐ ನಾಟ್ ಟಚ್ ಮೈ ಐಸ್.’

ನಾಲ್ಕರಲ್ಲಿ ಒಂದು ವಾಕ್ಯವೂ ಸರಿಯಿಲ್ಲ. ಆದರೂ ಇವು ಅವಳು ಬರೆದ ಮೊದಲ ಇಂಗ್ಲಿಷ್ ವಾಕ್ಯಗಳು. ಹಿಂದಿನ ದಿನದ ತಪ್ಪಿಲ್ಲದ ಪತ್ರಕ್ಕಿಂತ ಈ ನಾಲ್ಕು ತಪ್ಪು ವಾಕ್ಯಗಳ ಬೆಲೆ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವಳ ಮೊದಲ ವಾಕ್ಯವನ್ನು ತುಸು ಹತ್ತಿರದಿಂದ ನೋಡಬೇಕು. ‘ನನ್ನ ತಾಯಿಯ ಜೊತೆ ನಾನು ಮೆಣಸಿನಕಾಯಿ ಹೊಲಕ್ಕೆ ಹೋದೆ’ ಎಂಬ ಕನ್ನಡ ವಾಕ್ಯದ ಪದಕ್ರಮವೇ ಅಲ್ಲಿ ಹಾಗೇ ಇಳಿದಿದೆ. ಕನ್ನಡದಲ್ಲಿ ‘ಜೊತೆ’ ಎಂಬುದು ನಾಮಪದದ ನಂತರ ಬರುತ್ತದೆ, ಆದ್ದರಿಂದ ‘ಮದರ್ ವಿತ್’. ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಆದ್ದರಿಂದ ‘ವೆಂಟ್’ ಕೊನೆಗೆ ಹೋಗಿದೆ. ‘ಹೊಲಕ್ಕೆ’ ಎಂಬಲ್ಲಿನ ‘ಕ್ಕೆ’ ಪ್ರತ್ಯಯ ನಾಮಪದದೊಳಗೇ ಸೇರಿಹೋಗಿರುವುದರಿಂದ, ಅದನ್ನು ‘ಟು’ ಎಂಬ ಬೇರೆ ಪದವಾಗಿ ಮುಂದೆ ಇಡಬೇಕೆಂಬುದು ಅವಳಿಗೆ ಹೊಳೆದಿಲ್ಲ. ಇವುಗಳನ್ನು ದಡ್ಡತನದ ತಪ್ಪುಗಳೆಂದು ಕರೆಯುವುದು ಅನ್ಯಾಯ. ತನ್ನ ತಾಯ್ನುಡಿಯ ವ್ಯಾಕರಣವನ್ನು ಚೆನ್ನಾಗಿ ಬಲ್ಲ ಮಗು ಅದನ್ನೇ ನಂಬಿ ಹೊಸ ಭಾಷೆಗೆ ಕಾಲಿಟ್ಟಾಗ ಆಗುವ ತಪ್ಪುಗಳಿವು. ‘ನನಗೆ ಇಬ್ಬರು ತಂಗಿಯರಿದ್ದಾರೆ’ ಎನ್ನುವ ನಮ್ಮ ಭಾಷೆಯಲ್ಲಿ ‘ಹ್ಯಾವ್’ ಎಂಬುದಕ್ಕೆ ನೇರವಾದ ಕ್ರಿಯಾಪದವೇ ಇಲ್ಲ, ಹಾಗಾಗಿ ಮಗು ‘ಮೈ ಟು ಸಿಸ್ಟರ್ಸ್ ಆರ್ ದೇರ್’ ಎಂದು ಬರೆಯುತ್ತದೆ. ‘ನಾನು ಬರುತ್ತೇನೆ ಎಂದು ಅವನು ಹೇಳಿದ’ ಎಂಬಲ್ಲಿ ನಾವು ಆಡಿದವನ ಮಾತನ್ನು ಇದ್ದಂತೆಯೇ ಇಡುತ್ತೇವೆ, ಹಾಗಾಗಿ ‘ಹಿ ಟೋಲ್ಡ್ ಐ ವಿಲ್ ಕಮ್’ ಎಂದಾಗುತ್ತದೆ. ‘ಎದ್ದು, ಮುಖ ತೊಳೆದು, ದನಕ್ಕೆ ಮೇವು ಹಾಕಿ, ಚಹಾ ಕುಡಿದು ಶಾಲೆಗೆ ಬಂದೆ’ ಎಂದು ಐದು ಕೆಲಸಗಳನ್ನು ಒಂದೇ ಕ್ರಿಯಾಪದಕ್ಕೆ ಪೋಣಿಸುವ ಸೊಗಸು ಕನ್ನಡಕ್ಕಿದೆ, ಇಂಗ್ಲಿಷಿನಲ್ಲಿ ಆ ದಾರ ಹರಿದು ಮಣಿಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಇನ್ನು ‘ಎ’, ‘ದಿ’ಗಳ ವಿಷಯವಂತೂ ನನಗೂ ಇಂದಿಗೂ ಎಚ್ಚರದಿಂದಲೇ ಬಳಸಬೇಕಾದದ್ದು, ಏಕೆಂದರೆ ಕನ್ನಡದಲ್ಲಿ ಅಂಥ ಪದಗಳ ಅಗತ್ಯವೇ ಇಲ್ಲ. ನುಡಿದಂತೆ ಬರೆಯುವ ಲಿಪಿಗೆ ಒಗ್ಗಿದ ಮಗುವಿಗೆ 26 ಅಕ್ಷರಗಳಲ್ಲಿ 44ರಷ್ಟು ಧ್ವನಿಗಳನ್ನು ಹಿಡಿದಿಡುವ ಇಂಗ್ಲಿಷಿನ ಕಾಗುಣಿತ ಕಷ್ಟವಾಗುವುದೂ ಸಹಜ. ನಮ್ಮ ಭಾಗದ ಇಂಗ್ಲಿಷ್ ಶಿಕ್ಷಕರೆಲ್ಲ ಕನ್ನಡ ಬಲ್ಲವರು. ತಪ್ಪು ಎಲ್ಲಿಂದ ಬಂತೆಂದು ಮಗುವಿಗೆ ತೋರಿಸಿಕೊಡುವ ಈ ಅನುಕೂಲ ಬೇರೆ ದೇಶದಿಂದ ಬಂದ ಯಾವ ಪರಿಣತನಿಗೂ ಇಲ್ಲ. ನಾವು ಅದನ್ನು ಬಳಸಿಕೊಳ್ಳುತ್ತಿಲ್ಲ.

ನಾನು ಆ ಹುಡುಗಿಯ ಮೊದಲ ವಾಕ್ಯವನ್ನು ಮಾತ್ರ ಕಪ್ಪು ಹಲಗೆಯ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ‘ಹೋದೆ’ ಎಂಬ ಪದ ಎಲ್ಲಿಂದ ಎಲ್ಲಿಗೆ ಜಾಗ ಬದಲಿಸುತ್ತದೆ ಎಂದು ಬಾಣದ ಗುರುತಿನಿಂದ ತೋರಿಸಿದೆ. ಉಳಿದ ಮೂರನ್ನು ಮುಟ್ಟಲಿಲ್ಲ. ಎರಡು ದಿನದ ನಂತರ ಅವಳು ತಂದ ಕರಡಿನಲ್ಲಿ ‘ಐ ವೆಂಟ್ ಟು ಚಿಲ್ಲಿ ಫೀಲ್ಡ್ ವಿತ್ ಮೈ ಮದರ್’ ಎಂದಿತ್ತು. ನಾನು ಹೇಳಿಕೊಡದೇ ಇದ್ದ ಕೊನೆಯ ಎರಡು ವಾಕ್ಯಗಳನ್ನು ಅವಳೇ ಕೂಡಿಸಿ, ‘ಐ ಡಿಡ್ ನಾಟ್ ಟಚ್ ಮೈ ಐಸ್ ಬಿಕಾಸ್ ಮೈ ಹ್ಯಾಂಡ್ಸ್ ವರ್ ಬರ್ನಿಂಗ್’ ಎಂದು ಬರೆದಿದ್ದಳು. ಕನ್ನಡದಲ್ಲಿ ಕಾರಣ ಮುಂಚೆ ಬರುತ್ತದೆ, ‘ಕೈ ಉರಿಯುತ್ತಿದ್ದುದರಿಂದ ಕಣ್ಣು ಮುಟ್ಟಲಿಲ್ಲ’ ಎನ್ನುತ್ತೇವೆ. ಅವಳು ಕಾರಣವನ್ನು ಹಿಂದಕ್ಕೆ ಸರಿಸಿದ್ದಳು. ಹೇಳಬೇಕಾದ ಮಾತು ತನ್ನದೇ ಆಗಿದ್ದಾಗ ಮಗು ಅದಕ್ಕೆ ಬೇಕಾದ ಭಾಷೆಯನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮಕ್ಕಳಿಗೆ ನಿಜವಾದ ಕೆಲಸ ಕೊಟ್ಟರೆ ಭಾಷೆ ತಾನಾಗಿ ಬೆಳೆಯುತ್ತದೆಂಬ ವಿಚಾರಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಪ್ರಯೋಗವಾಗಿದೆ. ಇಂಗ್ಲಿಷ್ ಬೋಧನೆಯ ವಿದ್ವಾಂಸರಾದ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಬೋಧನಾ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರಿನಿಂದಲೇ ಜಗತ್ತಿನ ಇಂಗ್ಲಿಷ್ ಶಿಕ್ಷಕರಿಗೆ ಪರಿಚಿತವಾಗಿದೆ. ವ್ಯಾಕರಣದ ನಿಯಮಗಳನ್ನು ಪಾಠ ಮಾಡುವ ಬದಲು ನಕ್ಷೆ ಓದುವುದು, ರೈಲಿನ ವೇಳಾಪಟ್ಟಿ ನೋಡಿ ಉತ್ತರ ಕಂಡುಹಿಡಿಯುವುದು ಮುಂತಾದ ಕೆಲಸಗಳನ್ನು ಮಕ್ಕಳಿಗೆ ಇಂಗ್ಲಿಷಿನಲ್ಲಿ ಕೊಡುತ್ತಿದ್ದರು. ಮೊದಲು ಇಡೀ ತರಗತಿ ಶಿಕ್ಷಕರೊಂದಿಗೆ ಒಂದು ಕೆಲಸವನ್ನು ಬಿಡಿಸುತ್ತಿತ್ತು, ಆಮೇಲೆ ಅಂಥದೇ ಇನ್ನೊಂದನ್ನು ಪ್ರತಿ ಮಗುವೂ ಒಂಟಿಯಾಗಿ ಮಾಡಬೇಕಿತ್ತು. ಬರವಣಿಗೆಗೂ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ನಾನು ಹುಬ್ಬಳ್ಳಿ ಬಸ್ ನಿಲ್ದಾಣದ ಫಲಕದಿಂದ ಬರೆದುಕೊಂಡು ಬಂದ ವೇಳೆಗಳನ್ನು ಹಲಗೆಯ ಮೇಲೆ ಬರೆದು, ‘ಹನ್ನೊಂದು ಗಂಟೆಗೆ ಗದಗಿನ ಆಸ್ಪತ್ರೆಯಲ್ಲಿರಬೇಕಾದ ನಿಮ್ಮ ಕಾಕಾಗೆ ಯಾವ ಬಸ್ ಹಿಡಿಯಬೇಕೆಂದು ಚೀಟಿ ಬರೆಯಿರಿ’ ಎಂದು ಕೊಡುತ್ತಿದ್ದೆ. ಮೂರೇ ಸಾಲಿನ ಚೀಟಿ. ಆದರೆ ಸಮಯ, ಊರಿನ ಹೆಸರು, ‘ಬಿಫೋರ್’, ‘ಆಫ್ಟರ್’ ಎಲ್ಲವೂ ಅದರಲ್ಲಿ ಬರಲೇಬೇಕು, ತಪ್ಪಿದರೆ ಕಾಕಾ ಬಸ್ ತಪ್ಪಿಸಿಕೊಳ್ಳುತ್ತಾನೆ. ಬೆಟಗೇರಿಯ ಮಗ್ಗದ ಮನೆಯ ಹುಡುಗನಿಗೆ ಸೀರೆ ನೇಯುವ ಕ್ರಮವನ್ನು ಬರೆಯಲು ಹೇಳಿದರೆ ಅವನ ಬಳಿ ಹೇಳಲು ಬೇಕಾದಷ್ಟಿರುತ್ತದೆ, ‘ಪರಿಸರ ಮಾಲಿನ್ಯ’ದ ಬಗ್ಗೆ ಬರೆಯಲು ಹೇಳಿದರೆ ಗೈಡಿನಲ್ಲಿ ಇದ್ದಷ್ಟೇ ಇರುತ್ತದೆ.

ಇನ್ನು ತಿದ್ದುವ ವಿಷಯ. ಶಿಕ್ಷಕ ಬಂಧುಗಳು ಇಲ್ಲಿಗೆ ಬಂದ ಕೂಡಲೇ ‘ನಿಮ್ಮ ಮಾತು ಸರಿ ಸರ್, ಐವತ್ತು ಮಕ್ಕಳ ಸ್ವಂತ ಬರವಣಿಗೆ ತಿದ್ದುವವರು ಯಾರು?’ ಎಂದು ಕೇಳುತ್ತಾರೆ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಗಣತಿ, ಚುನಾವಣೆ ಎಲ್ಲವನ್ನೂ ಹೊತ್ತವರ ಪ್ರಶ್ನೆ ಇದು, ಇದಕ್ಕೆ ಹಗುರವಾಗಿ ಉತ್ತರಿಸಬಾರದು. ನಾನೂ ಮೊದಲ ಹದಿನೈದು ವರ್ಷ ಪ್ರತಿ ತಪ್ಪಿಗೂ ಕೆಂಪು ಗೆರೆ ಎಳೆದವನೇ. ಮಕ್ಕಳು ಅಂಕವನ್ನು ನೋಡಿ ಪುಸ್ತಕ ಮುಚ್ಚುತ್ತಿದ್ದರು, ಅದೇ ತಪ್ಪು ಮುಂದಿನ ವಾರ ಮತ್ತೆ ಬರುತ್ತಿತ್ತು. ಇದೇ ಪ್ರಶ್ನೆ ವಿದ್ವಾಂಸರನ್ನೂ ಕಾಡಿದೆ. ವ್ಯಾಕರಣದ ತಪ್ಪುಗಳನ್ನು ತಿದ್ದುವುದರಿಂದ ಕಲಿಯುವವರ ಬರವಣಿಗೆ ಸುಧಾರಿಸುವುದಿಲ್ಲ, ಆದ್ದರಿಂದ ಆ ಪದ್ಧತಿಯನ್ನೇ ಬಿಡಬೇಕೆಂದು ಜಾನ್ ಟ್ರಸ್ಕಾಟ್ 1996ರಲ್ಲಿ ವಾದಿಸಿದರು. ಆ ತೀರ್ಮಾನ ಅವಸರದ್ದೆಂದು, ಆಯ್ದು, ಸ್ಪಷ್ಟವಾಗಿ ತಿದ್ದಿದರೆ ಪ್ರಯೋಜನವಿದೆಯೆಂದು ಡೇನಾ ಫೆರಿಸ್ 1999ರಲ್ಲಿ ಉತ್ತರಿಸಿದರು. ನನ್ನ ಅನುಭವ ಎರಡನೆಯವರ ಕಡೆಗಿದೆ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು, ಉದಾಹರಣೆಗೆ ಕ್ರಿಯಾಪದದ ಕಾಲವನ್ನು ಮಾತ್ರ, ಹಿಡಿದು ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಸರಿಯಾದ ರೂಪವನ್ನು ನಾವು ಬರೆಯಬಾರದು, ಮಗುವೇ ಹುಡುಕಿ ಮತ್ತೊಮ್ಮೆ ಬರೆಯಬೇಕು. ಮತ್ತೆ ಬರೆಯದ ಹೊರತು ತಿದ್ದಿದ್ದು ವ್ಯರ್ಥ. ಮತ್ತು ಗೆರೆ ಎಳೆಯುವ ಮೊದಲು, ಬರೆದ ಸಂಗತಿಯ ಬಗ್ಗೆ ಒಂದು ಮಾತನ್ನಾದರೂ ಆಡಬೇಕು: ‘ನಿಮ್ಮ ಎಮ್ಮೆ ಈಗ ಹೆಂಗೈತಿ?’ ಎಂದೋ, ‘ಅಜ್ಜಿ ಊರಿಂದ ಬಂದ್ಲೇನ?’ ಎಂದೋ. ತಾನು ಬರೆದದ್ದನ್ನು ಒಬ್ಬರು ಓದಿದರೆಂಬ ನಂಬಿಕೆ ಬಂದ ಮಗು ಮರುದಿನ ಎರಡು ಸಾಲು ಹೆಚ್ಚು ಬರೆಯುತ್ತದೆ.

ಸಮಯದ ಲೆಕ್ಕವನ್ನೂ ಹೇಳುತ್ತೇನೆ. 46 ಪುಸ್ತಕಗಳನ್ನು ಒಂದೇ ದಿನ ಹೊತ್ತು ತಂದರೆ ಯಾರಿಗೂ ಆಗದು. ದಿನಕ್ಕೆ ಎಂಟು ಪುಸ್ತಕಗಳಂತೆ ನೋಡಿದರೆ ಸೋಮವಾರದಿಂದ ಶನಿವಾರದೊಳಗೆ ಎಲ್ಲರದೂ ಒಂದು ಸುತ್ತು ಮುಗಿಯುತ್ತದೆ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ತಮ್ಮ ಪುಸ್ತಕದ ಸರದಿ ಇಲ್ಲದ ದಿನಗಳಲ್ಲಿ ಮಕ್ಕಳು ತಮ್ಮ ಬರಹವನ್ನು ಪಕ್ಕದವರಿಗೆ ಓದಿ ಹೇಳಲಿ. ಗಟ್ಟಿಯಾಗಿ ಓದುವಾಗ ಅರ್ಧ ತಪ್ಪುಗಳು ಬರೆದವರಿಗೇ ಕೇಳಿಸುತ್ತವೆ.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸಬಾರದೆಂಬ ನಂಬಿಕೆ ಇನ್ನೂ ಕೆಲವು ಶಾಲೆಗಳಲ್ಲಿದೆ. ಕನ್ನಡ ಮಾತಾಡಿದರೆ ದಂಡ ಹಾಕುವ ಖಾಸಗಿ ಶಾಲೆಗಳ ಬಗ್ಗೆಯೂ ಕೇಳಿದ್ದೇನೆ. ಇವರಿಗೆ ನಾನು ನೆನಪಿಸಬಯಸುವುದು ನಮ್ಮದೇ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರನ್ನು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ಇಂಗ್ಲಿಷ್ ಬೋಧನೆಯನ್ನು ಸುಧಾರಿಸಲು ದುಡಿದವರು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಿಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಒಬ್ಬರೇ ವ್ಯಕ್ತಿಯಲ್ಲಿ ಈ ಎರಡು ಕಾಳಜಿಗಳು ಜಗಳವಿಲ್ಲದೆ ಇದ್ದವು. ಕನ್ನಡದಲ್ಲಿ ಒಂದು ಸಂಗತಿಯನ್ನು ಕ್ರಮವಾಗಿ, ವಿವರವಾಗಿ ಬರೆಯಬಲ್ಲ ಮಗುವಿಗೆ ಇಂಗ್ಲಿಷಿನಲ್ಲಿ ಕಲಿಯಬೇಕಾದದ್ದು ಭಾಷೆ ಮಾತ್ರ. ಕನ್ನಡದಲ್ಲೂ ಬರೆಯಲು ಬಾರದ ಮಗುವಿಗೆ ಭಾಷೆಯನ್ನೂ ಬರೆಯುವುದನ್ನೂ ಒಟ್ಟಿಗೆ ಕಲಿಯುವ ಇಮ್ಮಡಿ ಹೊರೆ. ಆದ್ದರಿಂದ ಕನ್ನಡ ಶಿಕ್ಷಕರು ಮತ್ತು ಇಂಗ್ಲಿಷ್ ಶಿಕ್ಷಕರು ಒಂದೇ ವಾರ ಒಂದೇ ವಿಷಯದ ಮೇಲೆ ಬರೆಸಿದರೆ ಇಬ್ಬರ ಕೆಲಸವೂ ಹಗುರಾಗುತ್ತದೆ. ನಾನೂ ನನ್ನ ಸಹೋದ್ಯೋಗಿಯಾದ ಕನ್ನಡ ಅಕ್ಕೋರೂ ಕೂಡಿ ಎರಡು ವರ್ಷ ಹೀಗೆ ಮಾಡಿದ್ದೇವೆ.

ಮೊಬೈಲಿನಲ್ಲಿ ಕನ್ನಡದಲ್ಲಿ ಹೇಳಿದರೆ ಇಂಗ್ಲಿಷ್ ಪತ್ರವನ್ನೇ ಬರೆದುಕೊಡುವ ಆ್ಯಪ್‌ಗಳು ಬಂದಿರುವಾಗ ಇಷ್ಟೆಲ್ಲ ಶ್ರಮ ಏಕೆಂದು ಪಾಲಕರೊಬ್ಬರು ಇತ್ತೀಚೆಗೆ ಕೇಳಿದರು. ಆ್ಯಪ್ ಬರೆದ ಪತ್ರದಲ್ಲಿ ತನ್ನ ಮಾತೇ ಬಂದಿದೆಯೇ, ಬೇರೇನಾದರೂ ಸೇರಿದೆಯೇ ಎಂದು ನೋಡಿ ಸಹಿ ಹಾಕಬೇಕಾದವರು ನಮ್ಮ ಮಕ್ಕಳೇ. ಬರೆಯಲು ಬಾರದವರು ಅದನ್ನೂ ಗೈಡಿನ ಹಾಗೆಯೇ ನಂಬಬೇಕಾಗುತ್ತದೆ, ಜ್ವರವಿಲ್ಲದವರು ಜ್ವರವೆಂದು ಸಹಿ ಹಾಕಬೇಕಾಗುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ, ಹೊಸ ಅನುದಾನವೂ ಬೇಕಿಲ್ಲ. ಆಂತರಿಕ ಮೌಲ್ಯಮಾಪನಕ್ಕೆಂದು ಈಗಾಗಲೇ 20 ಅಂಕಗಳಿವೆ. ಬಹಳಷ್ಟು ಕಡೆ ಈ ಅಂಕಗಳು ಚಾರ್ಟು ಅಂಟಿಸಿದ್ದಕ್ಕೂ, ಪ್ರಾಜೆಕ್ಟಿನ ಹೆಸರಿನಲ್ಲಿ ಅಂಗಡಿಯಿಂದ ತಂದ ಚಿತ್ರಗಳಿಗೂ ಹೋಗುತ್ತಿವೆ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಳಲ್ಲಿ ಕನಿಷ್ಠ ಒಂದನ್ನಾದರೂ ಮಗುವಿನ ಸ್ವಂತ ಬರವಣಿಗೆಯ ಪುಸ್ತಕಕ್ಕೆ ಮೀಸಲಿಡುವಂತೆ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಉಪನಿರ್ದೇಶಕರು ಹಾಗೂ ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆಗಳಾದ ಡಯಟ್‌ಗಳು ಶಾಲೆಗಳಿಗೆ ತಿಳಿಸಬೇಕೆಂದು ಕೋರುತ್ತೇನೆ. ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಮೊದಲ ಕರಡು, ತಪ್ಪುಗಳ ಸಮೇತ. ಬಲಪುಟದಲ್ಲಿ ಮಗು ತಾನೇ ತಿದ್ದಿ ಬರೆದ ಎರಡನೆಯ ಕರಡು. ಅಂಕವನ್ನು ಬಲಪುಟದ ಶುದ್ಧತೆಗೆ ಕೊಡದೆ, ಎಡದಿಂದ ಬಲಕ್ಕೆ ಮಗು ಎಷ್ಟು ದೂರ ಬಂದಿದೆ ಎಂಬುದಕ್ಕೆ ಕೊಡಬೇಕು. ಹೀಗಾದರೆ ತರಗತಿಯ ಕೊನೆಯ ಬೆಂಚಿನ ಮಗುವಿಗೂ ಪೂರ್ಣ ಅಂಕ ಪಡೆಯುವ ದಾರಿ ಇರುತ್ತದೆ, ಗೈಡಿನಿಂದ ನಕಲು ಮಾಡಿದವರ ಎಡಪುಟವೇ ಅವರ ಗುಟ್ಟು ಹೇಳಿಬಿಡುತ್ತದೆ. ಬೆಂಗಳೂರಿನಲ್ಲಿ 1963ರಿಂದ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಕಲಿತು ಬಂದ ಶಿಕ್ಷಕರು ನಮ್ಮ ಮೂರೂ ಜಿಲ್ಲೆಗಳಲ್ಲಿದ್ದಾರೆ. ಅಲ್ಲಿ ಕಲಿತದ್ದನ್ನು ತರಗತಿಯಲ್ಲಿ ಮಾಡಲು ಅವರಿಗೆ ವಾರಕ್ಕೆ ಎರಡು ಅವಧಿ ಬಿಟ್ಟುಕೊಡುವಂತೆ ಮುಖ್ಯೋಪಾಧ್ಯಾಯರಲ್ಲೂ ವಿನಂತಿಸುತ್ತೇನೆ.

ಮುಂದಿನ ಜೂನ್‌ನಲ್ಲಿ ಎಂಟನೆಯ ತರಗತಿಯಿಂದ ಇದನ್ನು ಆರಂಭಿಸಿ ನೋಡಲು ಯಾವುದೇ ಸರ್ಕಾರಿ ಪ್ರೌಢಶಾಲೆ ಒಪ್ಪಿದರೆ, ಧಾರವಾಡದಿಂದ ಬೆಳಿಗ್ಗೆ ಬಸ್ ಹತ್ತಿ ಸಂಜೆ ಮರಳಬಹುದಾದಷ್ಟು ದೂರದಲ್ಲಿ ಎಲ್ಲಿದ್ದರೂ ಅಲ್ಲಿಗೆ ನನ್ನ ಸ್ವಂತ ಖರ್ಚಿನಲ್ಲಿ ಬಂದು, ಶಿಕ್ಷಕರ ಜೊತೆ ಕುಳಿತು ಮೊದಲ ಸುತ್ತಿನ ಪುಸ್ತಕಗಳನ್ನು ನೋಡಿಕೊಡಲು ಸಿದ್ಧನಿದ್ದೇನೆ. ಬ್ಯಾಡಗಿಯ ಆ ಹುಡುಗಿಯ ಎರಡೂ ಪತ್ರಗಳು, ಜ್ವರದ್ದೂ ಮೆಣಸಿನಕಾಯಿಯದ್ದೂ, ನನ್ನ ಬಳಿ ಇನ್ನೂ ಇವೆ. ಬರುವಾಗ ಅವುಗಳನ್ನು ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇಂಗ್ಲಿಷ್ ಶಿಕ್ಷಕ
ಧಾರವಾಡ